ಎಮ್ಮೆ ಹಾಯುವಷ್ಟು ದಾರಿ

ನಿಂಗಕ್ಕ ಕ್ಯಾನಿನಲ್ಲಿ ಹಾಲು ತರುವವಳಲ್ಲ. ಎಮ್ಮೆಯನ್ನೇ ನಡೆಸಿಕೊಂಡು ಬಂದು ಗಿರಾಕಿಯ ಬಾಗಿಲಲ್ಲಿ, ಅವರ ಕಣ್ಣೆದುರೇ ಕರೆದು ಕೊಡುವವಳು. ಹೊಸಪೇಟೆಯ ಹೊರಗೆ ಭತ್ತದ ಗದ್ದೆಗಳಿದ್ದಾಗ ಕಾಲುವೆ ಪಕ್ಕದ ಬಂಡಿದಾರಿಯಲ್ಲಿ ಊರಿಗೆ ಬರುತ್ತಿದ್ದಳು. ಗದ್ದೆಗಳು ಲೇಔಟುಗಳಾದವು, ಗಿರಾಕಿಗಳು ಹೆಚ್ಚಿದರು. ಗದ್ದೆ ಹೋಯಿತೆಂದು ಅಳಲು ಅವಳಿಗೆ ಪುರಸೊತ್ತೇ ಸಿಗಲಿಲ್ಲ.

ಅದು ಅದಿರಿನ ಕಾಲ. ಸಂಡೂರಿನ ಟಿಪ್ಪರುಗಳು ಮೇನ್ ರೋಡು ಜಾಮ್ ಆದರೆ ಸಿಕ್ಕ ಬೀದಿಗೆ ನುಗ್ಗುತ್ತಿದ್ದವು. ಅದಿರಿನ ಧೂಳಿಗೆ ನಮ್ಮ ಬಿಳಿ ಮನೆಗಳೆಲ್ಲ ಕೆಂಪಾದವು. ಬೇರೆ ಯಾರೂ ಒಪ್ಪದ್ದರಿಂದ ಲೇಔಟ್ ಸಂಘದ ಕಾರ್ಯದರ್ಶಿಯಾಗಿದ್ದ ನಾನು, ಪಕ್ಕದ ಲೇಔಟನ್ನು ಕೂಡುವ ದಾರಿಗೆ ಅಡ್ಡಲಾಗಿ ಆಳೆತ್ತರದ ಗೋಡೆ ಕಟ್ಟಿಸಿದೆ. ಸಂಘದ ಗೋಡೆ, ಸಿಮೆಂಟಿಗಿಂತ ಮರಳೇ ಜಾಸ್ತಿ.

ಮರುದಿನ ಬೆಳಿಗ್ಗೆ ಆಚೆಯಿಂದ ಕೂಗು ಬಂತು. “ಯಾವ ಮಹಾನುಭಾವ ಕಟ್ಟಿಸ್ಯಾನ್ರೀ ಇದನ್ನ?”

“ನಮ್ಮನಿಯವ್ರ, ನಿಂಗಕ್ಕ,” ಎಂದಳು ನನ್ನ ಹೆಂಡತಿ ಶೈಲಶ್ರೀ. ಯಾರೂ ಅವಳನ್ನು ಕೇಳಿರಲಿಲ್ಲ.

“ಸುತ್ತು ಹಾಕ್ಕಂಡ್ ಬಾರಬೇ,” ಎಂದೆ ನಾನು.

“ಮೇನ್ ರೋಡ್ ಮ್ಯಾಲ ಎರಡು ಮೈಲಿ ಸುತ್ತು, ಸಾಹೇಬ್ರ. ಟಿಪ್ಪರ್ ಹಾರ್ನ್ ಕೇಳಿದ್ರ ನನ್ನೆಮ್ಮಿ ಹಾಲು ಬಿಗಿಹಿಡೀತೈತಿ. ನಿಮ್ಮ ಹದಿನಾಲ್ಕು ಮನಿ ಕೈ ಬಿಟ್ರ ನಾ ಎಮ್ಮಿ ಮಾರಬೇಕಾಗ್ತೈತಿ.”

ಆವತ್ತು ಆಚೆಯೇ ಕರೆದು ತಂಬಿಗೆಗಳನ್ನು ಗೋಡೆಯ ಮೇಲಿಂದ ದಾಟಿಸಿದಳು. ರೈಸ್ ಮಿಲ್ಲಿನ ಮಾಲೀಕರಾದ ಎದುರುಮನೆಯ ವಿರೂಪಾಕ್ಷಪ್ಪ ತಂಬಿಗೆಯೊಳಗೆ ಮೂಗು ತೂರಿಸಿದರು.

“ಕರೆಯೋದು ಕಾಣಲಿಲ್ಲ ಅಂದ್ಮ್ಯಾಲ ನೀರು ಬಿದ್ದಿಲ್ಲ ಅಂತ ಹ್ಯಾಂಗ ನಂಬೋದಬೇ?”

“ನೀರು ಹಾಕಂಗಿದ್ರ ಎಮ್ಮಿ ಯಾಕ್ರೀ, ನಲ್ಲಿನೇ ಹೊಡ್ಕಂಡ್ ಬರ್ತಿದ್ದೆ!”

ಎಲ್ಲರೂ ನಕ್ಕರು. ಆದರೂ ವಿರೂಪಾಕ್ಷಪ್ಪನವರನ್ನೂ ಸೇರಿಸಿ ನಾಲ್ಕು ಮನೆಯವರು ಪಾಕೀಟ್ ಹಾಲಿಗೆ ತಿರುಗಿದರು.

ಶೈಲಶ್ರೀ ನನ್ನ ಕೈಗೆ ಹಾರೆ ಕೊಟ್ಟಳು. “ಕಾಣಂಗ ಒಂದು ಇಟ್ಟಿಗಿ ತೆಗೀರಿ. ಗೋಡಿ ಏನು ಸಾಯಂಗಿಲ್ಲ.”

ಕಟ್ಟಿಸಿದವನೇ ಕಿತ್ತೆ. ಕಿಂಡಿಯಲ್ಲಿ ಕೆಚ್ಚಲು ಸ್ಪಷ್ಟವಾಗಿ ಕಂಡಿತು. ಆದರೆ ಒಂದು ಕಿಂಡಿಗೆ ಒಂದೇ ಕಣ್ಣು. ಪಕ್ಕದ ಮನೆಯವರು ತಮ್ಮದೊಂದು ಇಟ್ಟಿಗೆ ತೆಗೆದರು, ಅವರ ಪಕ್ಕದವರು ಎರಡು. ಹದಿನೈದು ದಿನಗಳಲ್ಲಿ ಗೋಡೆ ಜಾಲರಿಯಾಯಿತು. ಒಂದು ಬೆಳಿಗ್ಗೆ ಎಮ್ಮೆ ಅದಕ್ಕೆ ಕುತ್ತಿಗೆ ತಿಕ್ಕಿತು. ನಡುವಿನ ಭಾಗ ದಬಕ್ಕನೆ ಉದುರಿತು. ಎಮ್ಮೆ ಈಚೆ ಬಂದು, ಏನೂ ಆಗಿಲ್ಲವೆಂಬಂತೆ ನಮ್ಮ ಬಾಗಿಲಲ್ಲಿ ನಿಂತಿತು.

ಬೀದಿಯಲ್ಲೇ ಸಂಘದ ತುರ್ತು ಸಭೆ ಸೇರಿತು. “ಈ ಸಂದಿನಾಗ ಟಿಪ್ಪರ್ ನುಗ್ಗಿದ್ರ?” ವಿರೂಪಾಕ್ಷಪ್ಪ ಗುಡುಗಿದರು.

ನಿಂಗಕ್ಕ ಎಮ್ಮೆಯನ್ನು ತಿರುಗಿಸಿ ಸಂದಿನಲ್ಲಿ ನಿಲ್ಲಿಸಿದಳು. ಎರಡೂ ಕಡೆ ಹೊಟ್ಟೆ ತಾಗಿತು. “ನನ್ನೆಮ್ಮಿಗೇ ಇಷ್ಟು ಬಿಗಿ ಐತಿ. ಟಿಪ್ಪರ್ ಹೊಟ್ಟಿ ಇದಕ್ಕಿಂತ ಸಣ್ಣದೇನ್ರೀ?”

ಸಭೆ ಅಲ್ಲಿಗೇ ಮುಗಿಯಿತು. ಸಂದು ಹಾಗೇ ಉಳಿಯಲೆಂದು ಸಂಘದ ಪುಸ್ತಕದಲ್ಲಿ ನಾನೇ ಬರೆದುಕೊಂಡೆ. ಮರುದಿನದಿಂದ ಅದರಲ್ಲಿ ಶಾಲೆ ಮಕ್ಕಳು, ಸೈಕಲ್ಲುಗಳು, ಆಚೆ ಲೇಔಟಿನ ಹೆಂಗಸರ ಬಿಸಿ ಬಿಸಿ ಸುದ್ದಿ, ಎಲ್ಲವೂ ಹರಿದಾಡತೊಡಗಿದವು. ಪಾಕೀಟಿಗೆ ಹೋಗಿದ್ದ ನಾಲ್ಕು ಮನೆಯವರೂ ತಂಬಿಗೆ ಹಿಡಿದು ಬಂದರು. ವಿರೂಪಾಕ್ಷಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದರು.

ನಿಂಗಕ್ಕ ತಲೆಯೆತ್ತದೆ ಹಾಲು ಕರೆಯುತ್ತಾ ಅಂದಳು: “ಸಾಲಾಗಿ ನಿಂದರ್ರೀ. ಮೊದ್ಲು ನಂಬಿದೋರಿಗೆ, ಆಮ್ಯಾಲ ಪಾಕೀಟ್ನೋರಿಗೆ.”