ನಾಲ್ಕು ಕೈಯ ಹರಕೆ

ಟಿಕ್, ಟಿಕ್, ಟಿಕ್. ಆಮೇಲೆ ಏನೂ ಇಲ್ಲ. ಬೆಳಗಿನಿಂದ ಪೋಲಿಕ್ಸೇನಿಯ ಸುತ್ತಿಗೆ ಹೀಗೇ ನುಡಿಯುತ್ತಿತ್ತು. ನಾಲ್ಕನೆಯ ಪೆಟ್ಟು ಬೀಳಬೇಕೆನ್ನುವಾಗ ಉಳಿ ಹಿಡಿದ ಎಡಗೈ ಜೋಮು ಹಿಡಿದು ಜಾರುತ್ತಿತ್ತು, ಸುತ್ತಿಗೆ ಗಾಳಿಯಲ್ಲಿ ಕಾಯುತ್ತಿತ್ತು. ಹೊರಗೆ ಯಾನ್ನಿನಾ ಊರಿನ ಸರೋವರದಿಂದ ಎದ್ದ ಮಂಜು ಅಂಗಡಿಯ ಗಾಜಿಗೆ ಕೆನೆಯಂತೆ ಕಟ್ಟಿಕೊಂಡಿತ್ತು.

ಐವತ್ತೇಳು ವರ್ಷದ ಪೋಲಿಕ್ಸೇನಿ ಹರಕೆಯ ಬೆಳ್ಳಿ ತಗಡು ಬಡಿಯುವವಳು. ಅರಗಿನ ಮೇಲೆ ತಗಡಿಟ್ಟು ತಟ್ಟಿದಳೆಂದರೆ ಕಾಲು, ಕಣ್ಣು, ಎದೆ, ತೊಟ್ಟಿಲ ಕೂಸು ಮೂಡುತ್ತಿದ್ದವು. ಊರಿನವರು ಅವನ್ನು ಕೊಂಡುಹೋಗಿ ಸಂತರ ಚಿತ್ರದ ಮುಂದೆ ದಾರದಲ್ಲಿ ತೂಗುಹಾಕಿ, ವಾಸಿಮಾಡಪ್ಪಾ ಎಂದು ಬೇಡುತ್ತಿದ್ದರು. ಹದಿನಾಲ್ಕು ತುಂಬಿದ ದಿನ ಅಪ್ಪ ಅವಳಿಗೆ ಸುತ್ತಿಗೆ ಕೊಟ್ಟು ಹೇಳಿದ ಮಾತು ಎರಡೇ. "ಎಲ್ಲಿ ನಿಲ್ಲಿಸ್ಬೇಕು ಅಂತ ತಗಡೇ ನಿನ್ನ ಬೆರಳಿಗೆ ಹೇಳುತ್ತೆ, ಕೇಳಿಸ್ಕೊ. ಇನ್ನೊಂದು, ನಿನ್ನ ಹರಕೆ ನೀನೇ ಮಾಡ್ಕೋಬೇಡ."

ಈಗ ಊರಿಗೆಲ್ಲ ಆ ಕೆಲಸದವಳು ಅವಳೊಬ್ಬಳೇ. ತನಗೊಂದು ಕೈ ಬೇಕಾದಾಗ ಯಾರ ಬಳಿ ಕೊಳ್ಳುವುದು?

ಕಿರುಬೆರಳಲ್ಲಿ ಶುರುವಾದ ಜೋಮು ಮೊಣಕೈ ದಾಟಿತ್ತು. ಕುತ್ತಿಗೆಯ ಬುಡದ ಮೊದಲ ಪಕ್ಕೆಲುಬು ಕೈಗಿಳಿಯುವ ನರವನ್ನು ಒತ್ತಿ ಹಿಡಿದಿದೆ, ಆ ಎಲುಬನ್ನು ತೆಗೆಯಬೇಕು ಎಂದರು ಥೆಸಲೋನಿಕಿ ನಗರದ ಡಾಕ್ಟರು. ಬಿಟ್ಟರೆ ಬೆರಳು ಸೊರಗುತ್ತವೆ. ತೆಗೆಯುವಾಗ ನರಕ್ಕೆ ಏಟಾದರೆ ಕೈಯೇ ಹೋದೀತು. ತೆಗೆಯುವುದು ನಾಲ್ಕು ಕೈಯ ರೋಬೋಟು. ಡಾಕ್ಟರು ಅದೇ ಕೋಣೆಯಲ್ಲಿ ತುಸು ದೂರ ಕೂತು ಅದನ್ನು ಆಡಿಸುತ್ತಾರೆ.

"ತಾಗಿದ್ದು ನಿಮ್ಮ ಬೆರಳಿಗೆ ಗೊತ್ತಾಗುತ್ತಾ ಡಾಕ್ಟ್ರೇ?" ಎಂದು ಅವಳು ಕೇಳಿದ್ದಳು.

ಆತ ಸುಳ್ಳು ಹೇಳಲಿಲ್ಲ. "ಇಲ್ಲಮ್ಮ. ನಮ್ಮಲ್ಲಿರೋ ಯಂತ್ರದಲ್ಲಿ ಗೊತ್ತಾಗಲ್ಲ. ಎಲ್ಲಾನೂ ದೊಡ್ಡದಾಗಿ ಕಾಣುತ್ತೆ, ಕಣ್ಣಲ್ಲೇ ತಿಳ್ಕೋತೀನಿ. ಎಳೆತ ಜಾಸ್ತಿಯಾದ್ರೆ ಆ ಜಾಗ ಬಿಳಿಚ್ಕೊಳ್ಳುತ್ತೆ, ಅಲ್ಲೇ ನಿಲ್ಲಿಸ್ತೀನಿ."

ಅಂದಿನಿಂದ ಒಂದೇ ಕನಸು. ಗುಡಿಯ ನೆಲದ ಮೇಲೆ ಅವಳು ಅಂಗಾತ ಮಲಗಿದ್ದಾಳೆ. ನಲವತ್ತಮೂರು ವರ್ಷ ಅವಳೇ ಬಡಿದ ಬೆಳ್ಳಿಯ ಕೈಗಳು ದಾರ ಬಿಚ್ಚಿಕೊಂಡು, ಮಂಜಿನಲ್ಲಿ ಮೀನಿನಂತೆ ಈಜಿ ಬಂದು ಅವಳನ್ನು ಮುಟ್ಟುತ್ತವೆ. ಮುಟ್ಟಿದ್ದು ಮಾತ್ರ ಅವಕ್ಕೆ ತಿಳಿಯುವುದಿಲ್ಲ.

ಇಂದು ಬುಧವಾರ. ನಾಳೆ ಬಸ್ಸು, ನಾಡಿದ್ದು ಆಪರೇಷನ್. ಟಿಕೆಟ್ ಹರಿದುಬಿಡೋಣವೆಂದು ಮೂರು ಸಲ ಕೈಗೆತ್ತಿಕೊಂಡು ಮತ್ತೆ ಅರಗಿನ ಬಟ್ಟಲ ಕೆಳಗೆ ಇಟ್ಟಿದ್ದಳು.

ಮಧ್ಯಾಹ್ನ ಅಕ್ಕ ಥಿಯಾನೊ ಸೊಪ್ಪಿನ ಹೂರಣ ತುಂಬಿ ಸುಟ್ಟ ಪೀಟಾ ಹೊತ್ತು ಬಂದಳು. ಮೂವತ್ತು ವರ್ಷದಿಂದ ತಂಗಿಯ ತಗಡುಗಳಿಗೆ ಹೊಳಪು ಕೊಡುವವಳು, ಕೂದಲೆಳೆಯಷ್ಟು ತಪ್ಪನ್ನೂ ಬಿಡದವಳು.

"ಇದೇನೇ ಇದು? ಏಡಿನಾ?" ಅರಗಿನ ಮೇಲಿದ್ದ ತಗಡಿನಲ್ಲಿ ನಾಲ್ಕು ಉದ್ದ ಕೈ ಮೂಡಿದ್ದವು.

"ಏಡಿ ಅಲ್ಲ ಅಕ್ಕ. ರೋಬೋಟು."

ಥಿಯಾನೊ ಮೂರು ಸಲ ಶಿಲುಬೆ ಗುರುತು ಮಾಡಿಕೊಂಡಳು. "ನಿನಗೆ ನೀನೇ ಹರಕೆ ಮಾಡ್ಕೋಬಾರ್ದು ಅಂತ ಅಪ್ಪ ಬಡ್ಕೊಂಡಿದ್ರಲ್ಲೇ!"

"ನನಗಲ್ಲ, ಅದಕ್ಕೆ. ಅದರ ನಾಲ್ಕೂ ಕೈ ನೆಟ್ಟಗಿರ್ಲಿ ಅಂತ. ಯಂತ್ರಕ್ಕೆ ಮಾಡ್ಬೇಡ ಅಂತ ಅಪ್ಪ ಹೇಳಿಲ್ಲ."

"ಹೇಗೆ ಹೇಳ್ತಾರೆ? ಅವರು ಕಂಡಿದ್ದ ಯಂತ್ರ ಅಂದ್ರೆ ಒಂದು ರೇಡಿಯೋ. ಅದಕ್ಕೂ ಹೊಡೆದ್ರೇನೇ ಹಾಡು ಬರ್ತಿತ್ತು."

ಗೊಣಗುತ್ತಲೇ ಅವಳು ತಗಡನ್ನು ಕಿಟಕಿಯ ಬೆಳಕಿಗೆ ಒಯ್ದು ಓರೆ ಮಾಡಿದಳು. ಒಂದು ಕೈಯ ಸಂದಿನ ಮೇಲೆ ಉಗುರು ಆಡಿಸಿದಳು. "ಎಷ್ಟು ನವಿರಾಗಿ ಬಂದಿದ್ಯೇ ಈ ಸಂದು! ಇವತ್ತು ಕೈ ಹಗುರಾಗಿದ್ಯಾ?"

"ಎಲ್ಲಿ ಬಂತು. ಬೆಳಗಿಂದ ಉಳಿ ಹಿಡಿದಿದ್ದೀನೋ ಇಲ್ವೋ ಅನ್ನೋದೂ ಗೊತ್ತಾಗಿಲ್ಲ."

"ಮತ್ತೆ ಹೇಗೆ ಬಡಿದೆ?"

ಪೋಲಿಕ್ಸೇನಿ ತಗಡನ್ನು ತನ್ನತ್ತ ತಿರುಗಿಸಿಕೊಂಡಳು. ಹೇಗೆ? ಪ್ರತಿ ಪೆಟ್ಟಿಗೂ ಮುನ್ನ ಮುಖ ಬಗ್ಗಿಸಿ ನೋಡಿದ್ದಳು. ತಗಡು ತೆಳುವಾದಲ್ಲಿ, ಹರಿಯುವ ಮುನ್ನ, ಅದರ ಹೊಳಪು ಬಿಳಿಚಿಕೊಳ್ಳುತ್ತಿತ್ತು. ಅಲ್ಲೇ ನಿಲ್ಲಿಸಿದ್ದಳು. ಎಷ್ಟು ತಿಂಗಳಿಂದ ಹೀಗೆ ಬಡಿಯುತ್ತಿದ್ದಾಳೋ ಅವಳಿಗೇ ತಿಳಿಯದು.

"ಕಣ್ಣಲ್ಲಿ," ಎಂದಳು ಮೆಲ್ಲಗೆ, ಬೇರೆ ಯಾರೋ ಹೇಳಿದ್ದನ್ನು ತಿರುಗಿ ಹೇಳುವವಳಂತೆ.

ಕಟ್ಟೆಯ ಕಡೆಯಿಂದ ದ್ವೀಪಕ್ಕೆ ಹೊರಡುವ ದೋಣಿಯ ಕೂಗು ಕೇಳಿಸಿತು. ಸರೋವರದ ನಡುವಿನ ಆ ದ್ವೀಪದ ಗುಡಿಯಲ್ಲಿ, ತನ್ನ ಚಿತ್ರದೊಳಗೆ, ವೈದ್ಯರ ಸಂತ ಪಾಂಡೆಲೈಮನ್ ಮದ್ದಿನ ಚಮಚ ಹಿಡಿದು ಕಾಯುತ್ತಿದ್ದ. ಪೋಲಿಕ್ಸೇನಿ ತಗಡನ್ನು ತಲೆವಸ್ತ್ರದಲ್ಲಿ ಸುತ್ತಿಕೊಂಡು, ಬಟ್ಟಲ ಕೆಳಗಿನ ಟಿಕೆಟನ್ನು ಎಳೆದು ಅಕ್ಕನ ಕೈಗಿತ್ತಳು.

"ಇದು ಜೋಪಾನ. ನಾಳೆಗೆ ನನ್ನ ಚೀಲ ತುಂಬಿಡು ಅಕ್ಕ."

"ಹೋಗ್ತೀಯಾ ಹಾಗಾದ್ರೆ? ಪೀಟಾ ಆದ್ರೂ ತಿನ್ನೇ, ಬಿಸಿ ಇದೆ. ಲೇ, ಇದೇನು ಅಂತ ಪಾದ್ರಿ ಕೇಳಿದ್ರೆ ಏನಂತೀಯ? ಏಡಿ ಕಚ್ಚಿತು ಅಂದ್ಬಿಡು, ಸುಮ್ನಾಗ್ತಾರೆ. ಅಲ್ವೇ, ನಾಲ್ಕು ಕೈಗೂ ಒಂದೇ ದಾರ ಸಾಕೇನೇ, ಇಲ್ಲಾ..."

ಪೋಲಿಕ್ಸೇನಿ ಆಗಲೇ ಬೀದಿ ಇಳಿದು ಮಂಜಿನೊಳಗೆ ನಡೆದಿದ್ದಳು.