ಆನೆ ಕಾಯುವ ಕ್ಯಾಮೆರಾ, ಅದನ್ನು ಕಾಯುವ ಚೆನ್ನಕೇಶವ

ಮಂಡೆಕೋಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಡಿನಂಚಿನ ಕಂಬವೊಂದರ ಕೆಳಗೆ ನಿಂತು ಚೆನ್ನಕೇಶವ ಅಡಿಕೆ ಕೊಯ್ಯುವ ಉದ್ದದ ದೋಟಿಯನ್ನು ಮೇಲಕ್ಕೆತ್ತುತ್ತಾರೆ. ಅದರ ತುದಿಗೆ ಕಟ್ಟಿರುವುದು ಕತ್ತಿಯಲ್ಲ, ಹಳೆಯ ಬನಿಯನು. ಮೇಲಿರುವ ಕ್ಯಾಮೆರಾದ ಗಾಜಿಗೆ ರಾತ್ರಿ ಹೆಣೆದುಕೊಂಡ ಜೇಡರ ಬಲೆಯನ್ನು ಒರಸುತ್ತಾರೆ, ಟಾರ್ಚು ಬಿಟ್ಟು ನೋಡುತ್ತಾರೆ, ಸಮಾಧಾನವಾಗದೆ ಇನ್ನೊಮ್ಮೆ ಒರಸುತ್ತಾರೆ. ಇಂಥ ಒಂಬತ್ತು ಕಂಬಗಳಿವೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು.

"ಕತ್ತಲಲ್ಲಿ ನೋಡ್ಲಿಕ್ಕೆ ಅದರಲ್ಲಿ ಎಂತದೋ ಬೆಳಕು ಉಂಟು. ಅದಕ್ಕೆ ಹುಳ ಬರುದು, ಹುಳ ತಿನ್ಲಿಕ್ಕೆ ಜೇಡ ಬರುದು. ಇದು ದೊಡ್ಡ ಮಿಷಿನು, ಇಲ್ಲಿಗೆ ಬರ್ಬೇಡ ಅಂತ ಜೇಡಕ್ಕೆ ಹೇಳ್ಲಿಕ್ಕೆ ಆಗ್ತದಾ?"

ಮಿಷಿನು ದೊಡ್ಡದೇ. ಕಾಡಿನಿಂದ ಇಳಿಯುತ್ತಿರುವುದು ದನವೋ, ಹಂದಿಯೋ, ಆನೆಯೋ ಎಂದು ತಾನೇ ಗುರುತಿಸುತ್ತದೆ. ಆನೆಯಾದರೆ ಸೈರನ್ ಕೂಗಿಸುತ್ತದೆ, ಊರವರ ಫೋನುಗಳಿಗೆ ಸುದ್ದಿ ಮುಟ್ಟಿಸುತ್ತದೆ. ಇದನ್ನು ಕೂರಿಸಿದ ತಂಡದ ನಿಶ್ಮಿತಾ ಪುತ್ತೂರಿನವರು, ಮಾತಿನಲ್ಲೂ ಉತ್ಸಾಹಿ. "ಎರಡು ವರ್ಷ ಕೊಡಿ ಸರ್. ನಾಳೆ ಯಾರ ತೋಟಕ್ಕೆ ಆನೆ ಬರ್ತದೆ ಅಂತ ಇವತ್ತೇ ಹೇಳ್ತದೆ" ಎನ್ನುತ್ತಾರೆ. ಈ ಭವಿಷ್ಯವನ್ನು ಚೆನ್ನಕೇಶವರ ಕಿವಿಗೆ ಹಾಕಿದರೆ ಅವರು ತಲೆ ತಗ್ಗಿಸುತ್ತಾರೆ.

"ನಾನೂ ಹೀಗೇ ಹೇಳಿಕೊಂಡು ತಿರುಗಿದ್ದು" ಎನ್ನುತ್ತಾರೆ.

ಅವರು ಮೊದಲು ಕಂಡವರ ತೋಟಗಳಲ್ಲಿ ರಾತ್ರಿ ಕಾವಲು ಕೂರುತ್ತಿದ್ದ ಕೂಲಿಯಾಳು. ಆನೆ ಬರುವ ದಾರಿಗಳನ್ನು ತಂಡಕ್ಕೆ ತೋರಿಸಿಕೊಟ್ಟಿದ್ದೂ ಅವರೇ. ಕಂಬ ನೋಡಿಕೊಳ್ಳುವ ಕೆಲಸ ಸಿಕ್ಕ ಮೇಲೆ ಮನೆಮನೆಗೆ ಹೋಗಿ, ಇನ್ನು ಹೆದರುದು ಬೇಡ ಎಂದು ಧೈರ್ಯ ತುಂಬಿದರು. ಈ ಕಡೆ ಕೆಲವರು ಬೆಳಗಿನ ಜಾವ ಅಂಗಳಕ್ಕೆ ಇಳಿಯುವ ಮೊದಲು ಒಂದು ಗರ್ನಾಲು ಹೊಟ್ಟಿಸುತ್ತಾರೆ. ಕಿವಿ ಕಿವುಡಾಗುವಂಥ ಆ ಪಟಾಕಿಗೆ ಹತ್ತಿರ ನಿಂತ ಆನೆ ಸರಿದುಹೋಗುತ್ತದೆ. ಮೂಲೆಮನೆಯ ಗೋದಾವರಿ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅವರಿಂದಲೂ ಅದನ್ನು ಬಿಡಿಸಿದ್ದು ಚೆನ್ನಕೇಶವ.

ಒಳ್ಳೆಯ ಕೆಲಸ ಕಂಡರೆ ಶಾಲು ಹೊದಿಸದಿದ್ದರೆ ನಮ್ಮವರಿಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಕಳೆದ ನವೆಂಬರಿನಲ್ಲಿ ಕುಂಬ್ರದಲ್ಲೊಂದು ಸಭೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು, ಚೆನ್ನಕೇಶವರ ಕೈಗೆ ಮೈಕೂ ಬಂತು. ಇನ್ನು ನಮ್ಮ ಊರಲ್ಲಿ ಯಾರೂ ನಿದ್ದೆ ಕೆಡುದು ಬೇಡ ಎಂದು ಹೇಳಿದಾಗ ಚಪ್ಪಾಳೆ ಬಿತ್ತು. ಊರಿಗೆ ಮರಳುವಾಗ ತಡವಾಗಿತ್ತು, ಸಂಜೆಯ ಸುತ್ತು ತಪ್ಪಿತ್ತು. ಒಂದು ದಿನ ಒರಸದಿದ್ದರೆ ಎಂತ ಆಗ್ತದೆ ಎಂದುಕೊಂಡು ಅವರು ಮಲಗಿಬಿಟ್ಟರು.

ಮರುದಿನ ಮುಂಜಾನೆ ಗೋದಾವರಿ ದನದ ಹಟ್ಟಿಗೆಂದು ಹಿತ್ತಿಲ ಬಾಗಿಲು ತೆರೆದರು. ಬೈಹುಲ್ಲಿನ ರಾಶಿಯ ಬಳಿಯೇ ಆನೆ ನಿಂತಿತ್ತು. ಸೈರನ್ ಕೂಗಿರಲಿಲ್ಲ. ಓಡುವ ಭರದಲ್ಲಿ ನೀರು ಹರಿಯುವ ಕಣಿಗೆ ಬಿದ್ದು ಅವರ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿದೆ, ಆದರೆ ಬೆರಳು ಮಡಚುವುದಿಲ್ಲ. ಹಾಲು ಕರೆಯಲು ಈಗ ಗಂಡನನ್ನು ಕರೆಯಬೇಕು. ಆ ಹಟ್ಟಿಯ ಹಿಂದಿನ ಕಂಬದ ಕ್ಯಾಮೆರಾಕ್ಕೆ ಅಂದು ಅಂಗೈಯಗಲ ಬಲೆ ಕಟ್ಟಿತ್ತು.

"ಬೈದಿದ್ರೆ ಒಳ್ಳೆದಿತ್ತು ಮಾರಾಯ್ರೆ. ಒಂದು ಮಾತೂ ಬೈಲಿಲ್ಲ. ಮಾತಾಡುದೇ ಬಿಟ್ರು. ದಿನಾ ಅವರ ಹಿತ್ತಿಲಿಗೆ ಹೋಗ್ಬೇಕಲ್ಲ, ನನ್ನ ಮುಖ ಎಲ್ಲಿಡುದು?" ಎನ್ನುತ್ತಾರೆ ಚೆನ್ನಕೇಶವ. ಶಾಲು ಎಲ್ಲಿದೆ ಎಂದು ಕೇಳಿದರೆ, "ಪ್ಲಾಸ್ಟಿಕ್ಕಲ್ಲಿ ಉಂಟು. ಒರಸ್ಲಿಕ್ಕೂ ಆಗುದಿಲ್ಲ, ಜರಿ ಗಾಜಿಗೆ ಗೀರ್ತದೆ" ಎನ್ನುತ್ತಾರೆ. ಮತ್ತೆ ದೋಟಿಯನ್ನು ಹೆಗಲಿಗೇರಿಸಿ, "ನೀವೂ ಪೇಪರಲ್ಲಿ ಹೊಗಳುದು ಬೇಡ. ಹೊಗಳಿದ ದಿನವೇ ನಾನು ತಪ್ಪಿದ್ದು" ಎನ್ನುತ್ತಾರೆ. ಎಲೆಮರೆಯ ಕಾಯಿಯನ್ನು ಹುಡುಕಿ ಹೊಗಳುವುದೇ ಉದ್ಯೋಗವಾದ ನನಗೆ ನಾಚಿಕೆಯಾಗುತ್ತದೆ.

ಒಂಬತ್ತನೆಯ ಕಂಬ ಆ ಹಟ್ಟಿಯ ಹಿಂದಿನದು. ಅಲ್ಲಿಗೆ ಬಂದಾಗ ಚೆನ್ನಕೇಶವರ ನಡಿಗೆ ನಿಧಾನವಾಗುತ್ತದೆ. ಇಲ್ಲಿ ಅವರು ಗಾಜನ್ನು ಮೂರು ಸಲ ಒರಸುತ್ತಾರೆ. ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆಯುತ್ತದೆ. ಎಡಗೈಯಲ್ಲಿ ಗರ್ನಾಲು ಹಿಡಿದುಕೊಂಡು ಗೋದಾವರಿ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಕಂಬವನ್ನು ನೋಡುತ್ತಾರೆ, ಆಮೇಲೆ ಚೆನ್ನಕೇಶವರನ್ನು.

"ಬಲೆ ತೆಗ್ದು ಆಯ್ತಾ ಚೆನ್ನಕೇಶವ?"

ನವೆಂಬರಿನ ನಂತರ ಅವರಾಡಿದ ಮೊದಲ ಮಾತು ಇದು. ಚೆನ್ನಕೇಶವ ದೋಟಿಯನ್ನು ಕಂಬಕ್ಕೆ ಒರಗಿಸಿ, ಹಿತ್ತಿಲು ದಾಟಿ ಹೋಗಿ ಕೈ ಚಾಚುತ್ತಾರೆ.

"ಆಯ್ತು ಅಕ್ಕ. ಆದ್ರೂ ಗರ್ನಾಲು ಕೊಡಿ ಇಲ್ಲಿ, ನಾನೇ ಹೊಟ್ಟಿಸ್ತೇನೆ. ಆಮೇಲೆ ನೀವು ಇಳೀರಿ."