ಕಾರಿನ ಹೊಸ್ತಿಲು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮನೆಯವರು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಇರಲಿ, ಮೂಗೂ ನನ್ನದು, ಕೋಪವೂ ನನ್ನದು. ಆದರೆ ಆ ಎತ್ತರದ ಕಾರಿನ ವಿಷಯದಲ್ಲಿ ಬಂದ ಕೋಪ ಬೇರೆ ತರಹದ್ದು. ಅದರಲ್ಲಿ ಮುಕ್ಕಾಲು ಪಾಲು ನಮ್ಮನೆಯವರ ಮ್ಯಾನೇಜರ್ ಮೇಲೆ, ಉಳಿದ ಕಾಲು ಪಾಲು ನಮ್ಮಿಬ್ಬರ ಮೇಲೆಯೇ. ಅದಕ್ಕೇ ಅದು ಇನ್ನೂ ಆರಿಲ್ಲ.

ನಮ್ಮನೆಯವರು ಡಯಾಲಿಸಿಸ್ ಕೇಂದ್ರವೊಂದರಲ್ಲಿ ಡ್ರೈವರ್. ಕಿಡ್ನಿ ಕೆಟ್ಟವರನ್ನು ಬೆಳಿಗ್ಗೆ ಮನೆ ಬಾಗಿಲಿನಿಂದ ಕರೆದುಕೊಂಡು ಹೋಗುವುದು, ಅವರ ರಕ್ತ ನಾಲ್ಕು ಗಂಟೆ ಯಂತ್ರದಲ್ಲಿ ಸುತ್ತಿ ಶುದ್ಧವಾಗುವವರೆಗೆ ಕಾಯುವುದು, ಮತ್ತೆ ಮನೆಗೆ ಬಿಡುವುದು. ವಾರಕ್ಕೆ ಮೂರು ಸಲ ಒಬ್ಬೊಬ್ಬರಿಗೂ ಇದು ಆಗಲೇಬೇಕು. ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಬರುವಾಗ ಹೇಗೋ ನಡೆದು ಬರುತ್ತಾರೆ, ಹೋಗುವಾಗ ಕಾಲು ಹಿಂಡಿದ ಬಟ್ಟೆಯ ಹಾಗಾಗಿರುತ್ತದೆ. ಜೊತೆಗೆ, ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ರಕ್ತನಾಳ ಕೂಡಿಸಿದ ಕೈಯೊಂದು ಇರುತ್ತದಲ್ಲ, ಅದನ್ನು ಯಾರೂ ಹಿಡಿದು ಎಳೆಯುವಂತಿಲ್ಲ, ಅವರೂ ಅದರ ಮೇಲೆ ಭಾರ ಬಿಡುವಂತಿಲ್ಲ. ಹೀಗಾಗಿ ನಮ್ಮನೆಯವರು ತಮ್ಮದೇ ಒಂದು ರೀತಿ ಮಾಡಿಕೊಂಡಿದ್ದರು. ಕಾರಿನ ಬಾಗಿಲು ತೆಗೆದು, ರೋಗಿಯ ಒಳ್ಳೆಯ ಕೈಯ ಕಡೆ ನಿಂತು, ತಮ್ಮ ಮುಂಗೈಯನ್ನು ಮೆಟ್ಟಿಲ ಕಂಬಿಯ ಹಾಗೆ ಚಾಚುವುದು. ಅವರು ಅದನ್ನು ಹಿಡಿದು ತಾವೇ ಹತ್ತಬೇಕು. "ನಾವು ಹಿಡೀಬಾರದು ಕಣೇ, ಹಿಡ್ಕೊಳ್ಳೋಕೆ ಕೊಡಬೇಕು" ಎನ್ನುವುದು ಅವರ ಮಾತು.

ಇಷ್ಟು ಸೂಕ್ಷ್ಮದ ಮನುಷ್ಯ ಕಾರಿನ ಕಂಪನಿ ವಿಷಯ ಬಂದರೆ ಮಾತ್ರ ಶುದ್ಧ ಮೊಂಡ. ಕೇಂದ್ರದ ಎರಡೂ ಕಾರುಗಳು ಆನೆ ಗುರುತಿನ ಕಂಪನಿಯವು, ಹದಿನೇಳು ವರ್ಷದವು. ನಮ್ಮ ಮನೆಯ ಬೀಗದ ಕೈಗೂ ಆ ಕಂಪನಿ ಕೊಟ್ಟ ಆನೆಯೇ ಜೋತು ಬಿದ್ದಿದೆ. ಗುಬ್ಬಿ ಗುರುತಿನ ಕಾರು ರಸ್ತೆಯಲ್ಲಿ ಕಂಡರೆ ಸಾಕು, "ಬಂತು ನೋಡು ತಗಡಿನ ಡಬ್ಬ, ಜೋರಾಗಿ ಸೀನಿದ್ರೆ ಬಾಗಿಲು ಬೀಳುತ್ತೆ" ಎಂದು ಶುರು. ಎರಡನೇ ಕಾರು ಓಡಿಸುವವನಿಗೆ ಎಲ್ಲರೂ ಮೌನಿ ಎನ್ನುತ್ತಾರೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವನು ಮುಂಚೆ ಗುಬ್ಬಿ ಕಾರಿನ ಟ್ಯಾಕ್ಸಿ ಓಡಿಸುತ್ತಿದ್ದ. ಪಾಪ, ಅವನನ್ನು ಇವರು ಆಡಿಕೊಳ್ಳದ ದಿನವಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇವರಿಗೆ ಆ ಆನೆ ಹೆರದೆಯೇ ಅಷ್ಟು ಮುದ್ದು.

ಕಾರುಗಳು ಮುದಿಯಾದವು. ಎರಡನ್ನೂ ಒಂದಾದ ಮೇಲೊಂದು ಬದಲಾಯಿಸುವುದೆಂದು ತೀರ್ಮಾನವಾಗಿ, 'ಚಾಲಕರ ಅಭಿಪ್ರಾಯ' ಎಂಬ ಹಾಳೆಯೊಂದು ಬಂತು. ನಮ್ಮನೆಯವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹೇಳುತ್ತಾ ಹೋದರು, ಅಕ್ಷರ ದುಂಡಗಿದೆ ಎಂದು ನಾನು ಬರೆಯುತ್ತಾ ಹೋದೆ. 'ಆನೆ ಗುರುತಿನ ಗಾಡಿ ಬಿಟ್ಟರೆ ಬೇರೆ ಯಾವುದೂ ರೋಗಿಗಳಿಗೆ ತಕ್ಕುದಲ್ಲ. ಗುಬ್ಬಿ ಗುರುತಿನದು ತಗಡಿನ ಡಬ್ಬ.' ಆಮೇಲೆ ಸಹಿ. ಹೊಸ ಆನೆ ಹೇಗಿದೆ ಎಂದು ಅವರು ಹೋಗಿ ನೋಡಿರಲಿಲ್ಲ. ನೋಡಿದ್ದೀರಾ ಎಂದು ನಾನೂ ಕೇಳಲಿಲ್ಲ. "ಅದರಲ್ಲಿ ನೋಡೋದೇನಿದೆ? ಅದೇ ಕಂಪನಿ ತಾನೇ!" ಎಂದು ಅವರು ಎದ್ದು ಕೈ ತೊಳೆದರು.

ಒಂದು ಹಳೆಯ ಕಾರು ಹೋಗಿ ಹೊಸದು ಬಂತು. ಅಬ್ಬಾ, ಏನು ಹೊಳಪು, ಏನು ಎತ್ತರ! ಎತ್ತರ ಅಂದರೆ ಅದು ಯಾರಿಗೋ ಗುಡ್ಡ ಹತ್ತಲು ಮಾಡಿದ ಗಾಡಿ.

ಮೊದಲ ದಿನವೇ ಆದದ್ದು ಇದು. ನಮ್ಮ ಪಕ್ಕದ ಬೀದಿಯ ಟೀಚರಮ್ಮ ಮೂವತ್ತು ವರ್ಷ ಗಣಿತ ಪಾಠ ಮಾಡಿದವರು, ಈಗ ತಂಗಿಯ ಜೊತೆ ಇದ್ದಾರೆ. ನಾನು ಹೊಲಿಗೆಯವಳು. ಅವರ ಬಟ್ಟೆಗೆ ಅಳತೆ ತೆಗೆಯಲು ಹೋದರೆ ಟೇಪನ್ನು ಅವರೇ ಓದಿ, ನಾನು ಬರೆದುಕೊಂಡದ್ದನ್ನು ತಿದ್ದುತ್ತಾರೆ. ಅವತ್ತು ಬೆಳಿಗ್ಗೆ ಹೇಗೋ ಹತ್ತಿ ಬಂದಿದ್ದವರು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬಂದು, ಹೊಸ ಕಾರಿನ ಮುಂದೆ ನಮ್ಮನೆಯವರ ಮುಂಗೈ ಹಿಡಿದು ಕಾಲೆತ್ತಿದರು, ಎಟುಕಲಿಲ್ಲ. ಇನ್ನೊಂದು ಸಲ ಎತ್ತಿದರು. ಮೂರನೆಯ ಸಲ ಕಾಲು ತಾಗಿತು, ಮೈ ಮೇಲೇಳಲಿಲ್ಲ. ಹಿಂದಕ್ಕೆ ಬೀಳುವಾಗ ಕೈಗೆ ಸಿಕ್ಕಿದ್ದು ಬಾಗಿಲ ಮೇಲಿನ ಹಿಡಿಕೆ, ಹಿಡಿದ ಕೈ ಆಪರೇಷನ್ ಆದದ್ದು. ಆಗಷ್ಟೇ ಕಟ್ಟಿದ್ದ ಪಟ್ಟಿ ಕೆಂಪಾಯಿತು. ಸಿಸ್ಟರ್ ಓಡಿ ಬಂದು ಒತ್ತಿ ಹಿಡಿದು ರಕ್ತ ನಿಲ್ಲಿಸಿದರು. ಆಮೇಲೆ ನಮ್ಮನೆಯವರು, ಹಿಡೀಬಾರದು ಎನ್ನುತ್ತಿದ್ದ ಅದೇ ಮನುಷ್ಯ, ಅವರನ್ನು ಎರಡೂ ತೋಳಲ್ಲಿ ಎತ್ತಿ ಸೀಟಿಗೆ ಹಾಕಿದರು. ಎದುರಿನ ಔಷಧಿ ಅಂಗಡಿಯ ಸಾಲಿನಲ್ಲಿದ್ದವರೆಲ್ಲ ನೋಡಿದರು. ಅವರಲ್ಲಿ ಇಬ್ಬರು ಟೀಚರಮ್ಮನ ಹಳೇ ಶಿಷ್ಯರು.

ಟೀಚರಮ್ಮ ಮನೆ ಮುಂದೆ ತಮ್ಮನ್ನು ಇಳಿಸುವಾಗ ಅಂದರಂತೆ, "ನಿಂತು ಪಾಠ ಮಾಡಿದ ಕಾಲು ಕಣಪ್ಪ ಇದು. ಬೀದೀಲಿ ಮೂಟೆ ಥರ ಎತ್ತಿಸ್ಕೊಳ್ಳೋಕೆ ನನ್ನಿಂದಾಗಲ್ಲ. ನಾಳಿದ್ದು ಬರಬೇಡ."

ಅವತ್ತು ಇವರು ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಹೊಲಿಗೆ ಯಂತ್ರದ ಮುಂದೆ ನಿಂತು, "ನಿನ್ನ ಟೇಪು ಕೊಡು" ಅಂದರು. ಹೊರಗೆ ಹೋಗಿ ಅಳೆದರು. ನೆಲದಿಂದ ಕಾರಿನ ಹೊಸ್ತಿಲಿಗೆ ಇಪ್ಪತ್ತೂವರೆ ಇಂಚು. ಇನ್ನೊಂದು ಹಳೆಯ ಕಾರು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಮೆಕ್ಯಾನಿಕ್ ಅಂಗಳದಲ್ಲಿ ಬಿದ್ದಿತ್ತು. ಅಲ್ಲಿಗೂ ಹೋಗಿ ಅಳೆದು ಬಂದರು. ಹದಿನೈದು.

"ಐದೂವರೆ ಇಂಚು ಕಣೇ," ಎಂದು ನೆಲದ ಮೇಲೆ ಕುಸಿದು ಕೂತರು. "ಕಣ್ಣಿಗೆ ಏನು ಬಡಿದಿತ್ತು ನಂಗೆ?"

ಮಾಡಿದ್ದುಣ್ಣೋ ಮಹಾರಾಯ ಎಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ಬರೆದ ಕೈ ನನ್ನದೇ ಅಲ್ಲವೇ? ನುಂಗಿಕೊಂಡೆ.

ಮಾರನೇ ದಿನ ಮ್ಯಾನೇಜರಿಗೆ ಹೇಳಿದರು. ಬೆಸುಗೆಯವರ ಹತ್ತಿರ ಒಂದು ಅಗಲದ ಮೆಟ್ಟಿಲು ಮಾಡಿಸಿ ಕೂಡಿಸೋಣ ಎಂದರು. ಕೂಡದಂತೆ, ಬೆಸುಗೆ ಹಾಕಿದರೆ ಕಂಪನಿಯ ಗ್ಯಾರಂಟಿ ಹೋಗುತ್ತದಂತೆ. ಗಾಡಿಗೆ ಗ್ಯಾರಂಟಿ ಬೇಕು, ಮನುಷ್ಯರ ಕಾಲಿಗೆ ಬೇಡ! "ಒಂದು ಸ್ಟೂಲ್ ಇಟ್ಕೊಳ್ರಿ" ಎಂದು ಪ್ಲಾಸ್ಟಿಕ್ ಸ್ಟೂಲೊಂದನ್ನು ಮಂಜೂರು ಮಾಡಿದ ಪುಣ್ಯಾತ್ಮ. ಎರಡನೇ ದಿನ ಆ ಸ್ಟೂಲು ಒಬ್ಬ ಅಜ್ಜನ ಕಾಲಡಿಯಿಂದ ಜಾರಿತು. ನಮ್ಮನೆಯವರು ತಮ್ಮ ಮೈ ಕೊಟ್ಟು ತಡೆದರು. ಭುಜ ಊದಿಕೊಂಡು ಬಂತು.

"ಎರಡನೇ ಕಾರು ಇನ್ನೂ ತಗೊಂಡಿಲ್ಲ ತಾನೇ?" ಎಂದೆ. "ಏಳಿ, ಟೇಪು ನಾನು ಹಿಡ್ಕೊಂಡು ಬರ್ತೀನಿ."

ಆನೆ ಶೋರೂಮಿಗೆ ಮೊದಲು ಹೋದೆವು, ಅಭ್ಯಾಸಬಲ. ಅಲ್ಲಿದ್ದವೆಲ್ಲ ಒಂದಕ್ಕಿಂತ ಒಂದು ಎತ್ತರ. ತಗ್ಗಿನ ಗಾಡಿ ಮಾಡುವುದನ್ನೇ ನಿಲ್ಲಿಸಿದ್ದಾರಂತೆ. ನಾನು ಮಂಡಿಯೂರಿ ಅಳೆಯುತ್ತಿದ್ದರೆ ಟೈ ಕಟ್ಟಿದವನೊಬ್ಬ ಬಗ್ಗಿ ಕೇಳಿದ, "ಮೇಡಂ, ಸೀಟ್ ಕವರ್ ಒಳಗಡೆ ಹಾಕೋದು. ಹೊರಗಡೆ ಯಾಕೆ ಅಳೀತಿದೀರಾ?"

"ಹೊಸ್ತಿಲು ಅಳೀತಿದೀನಪ್ಪ. ಕಾಯಿಲೆಯವರು ಹತ್ತಬೇಕು."

"ಎತ್ತರ ಇದ್ರೇನೇ ಮೇಡಂ ಗತ್ತು!"

"ಗತ್ತು ನೀನಿಟ್ಕೋ" ಎಂದು ಎದ್ದೆ.

ಗುಬ್ಬಿ ಶೋರೂಮಿನ ಬಾಗಿಲಲ್ಲಿ ನಮ್ಮನೆಯವರ ಕಾಲೇ ಏಳಲಿಲ್ಲ. "ನೀನು ಹೋಗು, ನಾನಿಲ್ಲೇ ಇರ್ತೀನಿ" ಅಂದರು. ಒಳ್ಳೇ ಸಾಲ ಕೊಟ್ಟವನ ಮನೆ ಮುಂದೆ ನಿಂತ ಹಾಗೆ! "ರೀ, ಬೈದಿದ್ದು ನಿಮ್ಮ ಬಾಯಿ, ನೋಡೋದು ಕಣ್ಣು ತಾನೇ? ಬನ್ನಿ" ಎಂದು ತೋಳು ಹಿಡಿದು ಎಳೆದುಕೊಂಡು ಹೋದೆ. ಏಳು ಸೀಟಿನ ಕಾರೊಂದಿತ್ತು. ಹೊಸ್ತಿಲು ಹದಿನಾಲ್ಕು ಮುಕ್ಕಾಲು. ಬಾಗಿಲು ಪಕ್ಕಕ್ಕೆ ಜಾರುತ್ತದೆ, ನಿಂತವರ ಮೇಲೆ ಬರುವುದಿಲ್ಲ. ಕೂತವರ ಕೈಗೆ ಎಟುಕುವಲ್ಲೇ ಹಿಡಿಕೆ. ಇವರು ಆಚೆಯಿಂದ ಈಚೆಯಿಂದ ಆರು ಸಲ ಹತ್ತಿ ಇಳಿದರು. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಹತ್ತಿದರು, ಕಾಲೆಳೆದುಕೊಂಡು ಹತ್ತಿದರು. ಕೊನೆಗೆ ಬಾಗಿಲನ್ನು ಬೆರಳಿಂದ ಕುಟ್ಟಿ ನೋಡಿ, "ತಗಡು ತಗಡೇ" ಎಂದು ಗೊಣಗಿದರು. ಆಮೇಲೆ ಸಣ್ಣ ದನಿಯಲ್ಲಿ, "ಇದೇ ಸರಿ" ಅಂದರು.

ಅಷ್ಟರಲ್ಲಿ ಟೀಚರಮ್ಮ ಎರಡು ಸರದಿ ತಪ್ಪಿಸಿದ್ದರು. ಬಾಡಿಗೆ ಕಾರು ತರಿಸುತ್ತೇನೆಂದು ತಂಗಿ ಬೇಡಿಕೊಂಡರೆ, "ಬರುವಾಗ ಇನ್ಯಾವನೋ ಬಂದು ನನ್ನ ತೋಳು ಎಳೀಬೇಕಾ?" ಎಂದರಂತೆ. ಕಣ್ಣಿನ ಕೆಳಗೆ ಊತ ಬಂದಿತ್ತು.

ಎರಡನೇ ಕಾರಿನ ಬಗ್ಗೆ ಕೇಂದ್ರದಲ್ಲಿ ಮೀಟಿಂಗ್ ನಡೆದ ದಿನ ನಾನೂ ಅಲ್ಲಿದ್ದೆ. ಕೇಂದ್ರದ ಪರದೆ, ಹೊದಿಕೆಗಳನ್ನು ನಾನೇ ಹೊಲಿಯುವುದು. ಕಿಟಕಿಯ ಅಳತೆ ತೆಗೆಯುವ ನೆಪದಲ್ಲಿ ಮ್ಯಾನೇಜರ್ ಕೋಣೆಯಲ್ಲೇ ಇದ್ದೆ. ನಮ್ಮನೆಯವರು ಗುಬ್ಬಿಯ ಹೆಸರು ಎತ್ತಿದ್ದೇ ತಡ, ಅವನು ಫೈಲಿನಿಂದ ಆ ಹಾಳೆ ತೆಗೆದ. ನನ್ನ ದುಂಡಕ್ಷರ ದೂರದಿಂದಲೇ ಗುರುತು ಸಿಕ್ಕಿತು. 'ತಗಡಿನ ಡಬ್ಬ' ಎನ್ನುವವರೆಗೂ ಗಟ್ಟಿಯಾಗಿ ಓದಿದ.

"ಸಹಿ ಯಾರದ್ದು?"

"ನಂದೇ ಸಾರ್."

"ಮತ್ತೆ ಈಗ ಡಬ್ಬಾನೇ ಬೇಕು ಅಂತೀರಾ?"

"ಎಂಜಿನ್ ನೆನೆಸ್ಕೊಂಡು ಬರೆಸಿದೆ ಸಾರ್, ಬಾಗಿಲು ನೋಡ್ಲಿಲ್ಲ. ತಪ್ಪು ನಂದು. ಅದನ್ನೇ ಎರಡು ಸಲ ಮಾಡೋದು ಬೇಡ."

"ಎರಡೂ ಒಂದೇ ಕಂಪನಿಯದಾದ್ರೆ ಸ್ಪೇರ್ ಪಾರ್ಟ್ ಒಂದೇ, ಸರ್ವೀಸ್ ಒಂದೇ ಕಡೆ. ಯಾರೋ ಒಬ್ಬ ಟೀಚರಿಗೋಸ್ಕರ ಕಂಪನಿ ಬದಲಾಯಿಸೋಕೆ ಆಗುತ್ತೇನ್ರೀ?"

ಯಾರೋ ಒಬ್ಬ ಟೀಚರ್! ನನ್ನ ಮೈ ಉರಿದುಹೋಯಿತು. ಅವನ ಮುಂದಿದ್ದ ಮರದ ಕುರ್ಚಿಯನ್ನು ಎಳೆದು ಟೇಪು ಹಿಡಿದೆ. "ನೋಡಿ ಸಾರ್, ಹದಿನೆಂಟು ಇಂಚು. ಒಂದು ಕೈ ಬೆನ್ನ ಹಿಂದೆ ಇಟ್ಕೊಂಡು, ಏನನ್ನೂ ಹಿಡೀದೆ ಇದರ ಮೇಲೆ ಹತ್ತಿ ನಿಂತ್ಕೊಳ್ಳಿ. ನಿಮ್ಮ ಕಾರಿನ ಹೊಸ್ತಿಲು ಇನ್ನೂ ಎರಡೂವರೆ ಇಂಚು ಮೇಲಿದೆ. ನಿಮಗೆ ಕಾಯಿಲೆ ಬೇರೆ ಇಲ್ಲ."

"ಏನಮ್ಮ ಇದು? ಆಫೀಸು ಇದು, ಸರ್ಕಸ್ ಅಲ್ಲ."

"ಸರ್ಕಸ್ ಮಾಡಿಸ್ತಿರೋರು ನೀವು. ಅದೂ ವಾರಕ್ಕೆ ಮೂರು ಸಲ!"

ಅವನು ಕುರ್ಚಿ ಹತ್ತಲಿಲ್ಲ. ಹತ್ತುವುದಿಲ್ಲ ಎಂದು ನನಗೂ ಗೊತ್ತಿತ್ತು. "ನೋಡೋಣ" ಎಂದು ಫೈಲು ಮುಚ್ಚಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು.

ಮೂರನೇ ಸರದಿಯೂ ತಪ್ಪಿತು. ಮಾರನೇ ಬೆಳಿಗ್ಗೆ ಟೀಚರಮ್ಮನಿಗೆ ಉಸಿರಾಡಲಾಗದೆ ಆಂಬ್ಯುಲೆನ್ಸಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದರು. ಮೂಟೆಯ ಹಾಗೆ ಎತ್ತಿಸಿಕೊಳ್ಳಲಾರೆ ಎಂದವರನ್ನು ನಾಲ್ಕು ಜನ ಎತ್ತಿದರು. ನಮ್ಮನೆಯವರು ಎರಡು ದಿನ ಆ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಟೀಚರಮ್ಮ ಉಳಿದುಕೊಂಡರು, ನಮ್ಮ ಪುಣ್ಯ.

ಅದೇ ವಾರ ಮ್ಯಾನೇಜರ್ ಗುಬ್ಬಿಗೆ ಸಹಿ ಹಾಕಿದ. ಕರುಳು ಚುರ್ ಅಂದು ಅಲ್ಲ, ಬಿಡಿ. ಸಿಸ್ಟರ್ ರಿಜಿಸ್ಟರಿನಲ್ಲಿ 'ಕಾರು ಹತ್ತಲಾಗದೆ ಗೈರುಹಾಜರಿ' ಎಂದು ಮೂರು ಸಲ ಬರೆದಿದ್ದರು, ಮೇಲಿನವರು ಅದನ್ನು ಓದಿದ್ದರು. ಕಾರು ಬಂದ ದಿನ ಗೋಡೆಗೆ ಒಂದು ನೋಟೀಸು: 'ಆಡಳಿತ ಮಂಡಳಿಯ ದೂರದೃಷ್ಟಿಯಿಂದ ತಗ್ಗಿನ ನೂತನ ವಾಹನ.' ದೂರದೃಷ್ಟಿಯಂತೆ, ದೂರದೃಷ್ಟಿ! ಮುಂದಿದ್ದ ಕುರ್ಚಿಯೇ ಕಾಣದವರಿಗೆ.

ಹೊಸ ಕಾರನ್ನು ಇವರೇ ಓಡಿಸುತ್ತಾರೆ ಎಂದುಕೊಂಡಿದ್ದೆ. ಕೀಲಿಯನ್ನು ತೆಗೆದುಕೊಂಡು ಹೋಗಿ ಮೌನಿಯ ಕೈಗೆ ಇಟ್ಟರು. "ನೀನು ಓಡಿಸು. ನಿಂಗೆ ಈ ಗಾಡಿ ಗೊತ್ತು. ಕಾಲಾಗದವರೆಲ್ಲ ನಿನ್ನ ಕಡೆ." ಮೌನಿ ಅವತ್ತಿನ ಹತ್ತು ಮಾತಿನಲ್ಲಿ ಒಂದನ್ನು ಖರ್ಚು ಮಾಡಿದ: "ಡಬ್ಬ?" ಇವರು ತಲೆ ತಗ್ಗಿಸಿ ನಕ್ಕರು.

ಟೀಚರಮ್ಮನ ಮನೆ ಮುಂದೆ ಆ ಬೆಳಿಗ್ಗೆ ಎರಡೂ ಕಾರು ನಿಂತಿದ್ದವು. ಇವರು ನೋಡಲೆಂದೇ ಬಂದಿದ್ದರು, ನಾನೂ ಹೋಗಿದ್ದೆ. ಟೀಚರಮ್ಮ ತಂಗಿಯ ಹೆಗಲು ಬಿಟ್ಟು ಗುಬ್ಬಿ ಕಾರಿನ ಮುಂದೆ ನಿಂತರು. ಹೊಸ್ತಿಲನ್ನು ಒಂದು ಗಳಿಗೆ ನೋಡಿದರು.

"ನೀನ್ಯಾಕಪ್ಪ ಓಡಿಸ್ತಿಲ್ಲ?"

"ನಾನು ಸಹಿ ಹಾಕಿದ ಗಾಡಿ ಅಲ್ಲಿದೆ ಟೀಚರಮ್ಮ. ಅದನ್ನ ಬೇರೆಯವರ ತಲೆಗೆ ಕಟ್ಟೋಕಾಗುತ್ತಾ?"

ಅವರು ಕಾಲೆತ್ತಿದರು. ಕಾಲು ನಡುಗಿತು. ಅಷ್ಟಕ್ಕೇ ಇವರ ಎರಡೂ ಕೈ ತಮಗರಿವಿಲ್ಲದೆ ಎತ್ತುವುದಕ್ಕೆಂದು ಮುಂದೆ ಹೋದವು.

"ಕೈ ತೆಗಿ," ಎಂದರು ಟೀಚರಮ್ಮ, ಕ್ಲಾಸಿನಲ್ಲಿ ಹೇಳುವ ಹಾಗೆ.

ಕಾಲು ಹೊಸ್ತಿಲ ಮೇಲೆ ಊರಿತು. ಹತ್ತಿದರು. ಕೂತರು. ಸೆರಗು ಸರಿಮಾಡಿಕೊಂಡರು. ಬಾಗಿಲು ಹಾಕಲು ಇಳಿಯುತ್ತಿದ್ದ ಮೌನಿಯನ್ನು ತಡೆದು, "ಬೇಡ, ನಾನೇ ಹಾಕ್ಕೋತೀನಿ" ಎಂದು ಒಳ್ಳೆಯ ಕೈಯಿಂದ ಬಾಗಿಲನ್ನು ಜಾರಿಸಿ ಮುಚ್ಚಿದರು.

ಕಾರು ತಿರುವಿನಲ್ಲಿ ಮರೆಯಾಯಿತು. ನಮ್ಮನೆಯವರು ಮುಖ ಒರೆಸಿಕೊಂಡು, ಪ್ಲಾಸ್ಟಿಕ್ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಎತ್ತರದ ಕಾರಿನ ಕಡೆ ಹೋದರು. ಅವತ್ತು ಅವರ ಪಾಲಿಗೆ ಇನ್ನೂ ಐದು ಮನೆ ಇದ್ದವು.